ನಲವತ್ತು ಹೆಜ್ಜೆ

ಮೂರು ವರ್ಷದ ಹಿಂದೆ ನನ್ನ ಖಾಲಾ ಅವರನ್ನು ದಾವಣಗೆರೆಯ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಆಗಲೇ ವರ್ಷವಾಗಿತ್ತು. ವೈದ್ಯರು ಮಾತ್ರೆ ಬರೆದು, 'ದಿನಾ ಅರ್ಧ ತಾಸು ನಡೀಬೇಕಮ್ಮಾ, ಔಷಧಕ್ಕಿಂತ ಅದೇ ದೊಡ್ಡದು' ಎಂದರು. ಖಾಲಾ ಬುರ್ಖಾದ ಅಂಚು ಸರಿಮಾಡಿಕೊಂಡು, 'ಎಲ್ಲಿ ಅಡ್ಡಾಡ್ಲಿ ಡಾಕ್ಟರ್ ಸಾಬ್?' ಎಂದು ಕೇಳಿದರು. ವೈದ್ಯರು ನಕ್ಕು ಮುಂದಿನ ಚೀಟಿ ಕೈಗೆತ್ತಿಕೊಂಡರು. ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು ಬಸ್ಸಿನಲ್ಲಿ ಮರಳುವಾಗ ನನಗೆ ಆ ಪ್ರಶ್ನೆಯೇ ತಲೆಯಲ್ಲಿ ತಿರುಗುತ್ತಿತ್ತು. ಅದು ನಗುವ ಪ್ರಶ್ನೆಯಲ್ಲ. ಒಂದು ಊರು ನೂರು ವರ್ಷಗಳಲ್ಲಿ ಹೇಗೆ ಬೆಳೆಯಿತು ಎಂಬುದರ ಚರಿತ್ರೆಯೇ ಅದರೊಳಗಿದೆ.

ಉರ್ದುವಿನಲ್ಲಿ 'ಚಹಲ್‌ಕದಮಿ' ಎಂಬ ಮಾತಿದೆ. ಚಹಲ್ ಎಂದರೆ ಪಾರಸಿಯಲ್ಲಿ ನಲವತ್ತು, ಕದಮ್ ಎಂದರೆ ಹೆಜ್ಜೆ. ರಾತ್ರಿ ಉಂಡ ಮೇಲೆ ಹಾಕುವ ನಲವತ್ತು ಹೆಜ್ಜೆ. 'ಹವಾಖೋರಿ' ಎಂಬ ಇನ್ನೊಂದು ಮಾತೂ ಇದೆ, ಗಾಳಿ ತಿನ್ನುವುದು ಎಂದು ಅದರ ಅರ್ಥ. ಕನ್ನಡದ ವಾಯುಸೇವನೆಯೂ ಅದೇ ತಾನೆ? ಇವೆಲ್ಲ ಬಿಡುವಿದ್ದವರ ಮಾತುಗಳು. ನಮ್ಮ ಮೊಹಲ್ಲಾದ ಹೆಂಗಸರಿಗೆ ಇಂಥ ಮಾತಿನ ಅಗತ್ಯವೇ ಇರಲಿಲ್ಲ. ಅವರು ದಿನವಿಡೀ ನಡೆಯುತ್ತಲೇ ಇದ್ದರು.

ಹಳೆಯ ಹರಿಹರ ಹೊಳೆಗೆ ಅಂಟಿಕೊಂಡು ಬೆಳೆದ ಊರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಿದಾಗಲೂ ಊರು ತುಂಗಭದ್ರೆಯ ದಡವನ್ನೇ ನಂಬಿತ್ತು. ಕೋಟೆಯೊಳಗಿನ ಓಣಿಗಳು, ಅದರಾಚೆಯ ಮುಸಲ್ಮಾನರ ಗಲ್ಲಿಗಳು, ಎಲ್ಲವೂ ಎರಡು ಎತ್ತಿನ ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟೇ ಅಗಲ. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಿ ಎಂಬ ಪ್ರವಾದಿ(ಸ)ಯವರ ತೀರ್ಮಾನ ಹದೀಸ್ ಗ್ರಂಥಗಳಲ್ಲಿದೆ. ಏಳು ಮೊಳವೆಂದರೆ ಹೆಚ್ಚುಕಡಿಮೆ ಹತ್ತೂವರೆ ಅಡಿ. ಹೊರೆ ಹೊತ್ತ ಒಂಟೆಗಳೆರಡು ಎದುರುಬದುರಾಗಿ ದಾಟುವಷ್ಟು ಜಾಗ ಎಂದು ನಗರಗಳ ಚರಿತ್ರೆ ಬರೆಯುವವರು ಇದನ್ನು ವಿವರಿಸುತ್ತಾರೆ. ಒಂಟೆ ಕಾಣದ ನಮ್ಮೂರಿನಲ್ಲೂ ಗಲ್ಲಿಯ ಅಳತೆ ಸುಮಾರಾಗಿ ಅಷ್ಟೇ ಇದ್ದದ್ದು ವಿಚಿತ್ರ. ಗಲ್ಲಿ ಕಿರಿದಾದ್ದರಿಂದ ಅಂಗಡಿ, ಹಿಟ್ಟಿನ ಗಿರಣಿ, ಮದರಸಾ, ದರ್ಜಿ, ತವರುಮನೆ ಎಲ್ಲ ಕಾಲಳತೆಯಲ್ಲೇ ಇದ್ದವು. ಮಧ್ಯಾಹ್ನದ ಬಿಸಿಲಲ್ಲೂ ಒಂದು ಬದಿಯ ಗೋಡೆ ನೆರಳು ಕೊಡುತ್ತಿತ್ತು. ಬಟ್ಟೆ ಒಗೆಯಲು ಹೊಳೆಗೆ, ನೀರಿಗೆ ಬೀದಿ ನಲ್ಲಿಗೆ, ಬಾಣಂತಿಯನ್ನು ನೋಡಲು ಹಿಂದಿನ ಗಲ್ಲಿಗೆ. ಖಾಲಾ ಯೌವನದಲ್ಲಿ ದಿನಕ್ಕೆ ಎಷ್ಟು ನಡೆದಿರಬಹುದೆಂದು ಅವರೊಂದಿಗೇ ಕೂತು ಲೆಕ್ಕ ಹಾಕಿದೆ. ಮೂರು ಮೈಲಿಗೆ ಕಡಿಮೆಯಿಲ್ಲ, ಅದೂ ತಲೆಯ ಮೇಲೆ ಹೊರೆಯೊಂದಿಗೆ. (ಎಪ್ಪತ್ತರ ದಶಕದಲ್ಲಿ ಆಚೆ ದಡದಲ್ಲಿ ಕಾರ್ಖಾನೆ ಬಂದ ಮೇಲೆ ಹೊಳೆಯ ನೀರಿನ ಕತೆ ಬೇರೆಯಾಯಿತು. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಹಾಗೆಂದು ಆ ಗಲ್ಲಿಗಳನ್ನು ಸ್ವರ್ಗವೆಂದು ಬಣ್ಣಿಸುವವನು ನಾನಲ್ಲ. ಗಾಳಿಯಾಡದ ಕೋಣೆಗಳು, ಬಾಗಿಲಲ್ಲೇ ಹರಿಯುವ ಚರಂಡಿ, ಕ್ಷಯದಿಂದ ಸತ್ತ ಎಳೆಯ ಸೊಸೆಯಂದಿರು ನಮ್ಮ ಮನೆಯ ನೆನಪಿನಲ್ಲೂ ಇದ್ದಾರೆ. ನಮ್ಮ ನಾಡಿನಲ್ಲಿ ಬಡಾವಣೆ ಎಂಬ ಕಲ್ಪನೆ ಬೇರುಬಿಟ್ಟದ್ದೇ ಈ ಭಯದಿಂದ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರು ಮುಟ್ಟಿದ್ದು ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿ. ಆ ಹಾದಿಯ ರೈಲು ಹಾಯುವುದು ನಮ್ಮೂರಿನ ಮೇಲೆಯೇ. 1892ರಲ್ಲೇ ಗುರುತು ಹಾಕಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಪೇಟೆ ಬಿಟ್ಟು ಹೋಗತೊಡಗಿದ್ದು ಆ ಹೆಣಗಳ ರಾಶಿ ಕಂಡ ಮೇಲೆ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಕಸ ಸಾಗಿಸಲು ಹಿತ್ತಿಲ ಓಣಿ, ಮಧ್ಯೆ ಒಂದು ಪಾರ್ಕು. ಮನುಷ್ಯರನ್ನು ದೂರ ದೂರ ಇಡುವುದೇ ಅಂದಿನ ಔಷಧ. ಆ ಕಾಲಕ್ಕೆ ಅದು ಸರಿಯಾದ ಔಷಧವೂ ಹೌದು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಇಂದಿಗೂ ಈ ಮಾದರಿಯ ನೆರಳು ಕಾಣುತ್ತದೆ.

ಆದರೆ ಆಗಲೇ ಬೇರೆ ಮಾತಾಡಿದವರೊಬ್ಬರಿದ್ದರು. ಸ್ಕಾಟ್ಲೆಂಡಿನ ಜೀವಶಾಸ್ತ್ರಜ್ಞ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿದರು. ಮದ್ರಾಸ್ ಪ್ರಾಂತದ ಪಟ್ಟಣಗಳ ಬಗ್ಗೆ ಅವರು ಬರೆದ ವರದಿಗಳಲ್ಲಿ ನಮ್ಮ ನೆರೆಯ ಬಳ್ಳಾರಿಯೂ ಸೇರಿದೆ. ಹಳೆಯ ಕೇರಿಗಳನ್ನು ಸೀಳಿ ನೇರ ರಸ್ತೆ ಎಳೆಯುವ ಎಂಜಿನಿಯರುಗಳ ಹುಮ್ಮಸ್ಸನ್ನು ಅವರು ಒಪ್ಪಲಿಲ್ಲ. ಬಿದ್ದುಹೋದ ಒಂದೆರಡು ಮನೆ ತೆಗೆದು, ಆ ತೆರಪಿನಲ್ಲಿ ಗಿಡ ನೆಟ್ಟು, ಓಣಿಯನ್ನು ಉಳಿಸಿಕೊಳ್ಳಿ ಎಂಬುದು ಅವರ ಸಲಹೆ. ವೈದ್ಯ ರೋಗಿಯನ್ನು ಪರೀಕ್ಷಿಸುವಂತೆ ಊರನ್ನೂ ಮೊದಲು ನಡೆದು ನೋಡಬೇಕೆನ್ನುತ್ತಿದ್ದರು. ಅವರ ಮಾತು ಕೇಳಿದವರು ಕಡಿಮೆ.

ನಮ್ಮ ಹರಿಹರಕ್ಕೆ ಈ ಎರಡರ ನಡುವಿನ ಒಂದು ಮಾದರಿ ತಾನಾಗಿ ಒಲಿದು ಬಂದಿತ್ತು. ಅದರ ಕತೆ ಆರಂಭವಾಗುವುದೇ ಒಂದು ಸೈಕಲ್ ಅಂಗಡಿಯಿಂದ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡತೊಡಗಿದಾಗ, ಹೊಸ ಬಡಾವಣೆಗೆ ಪುರಸಭೆಗೆ ಜಾಗ ಬೇಕಾಗಿ ಅವರು ಅಲ್ಲಿಂದ ಎದ್ದುಹೋಗಬೇಕಾಯಿತು. ಆಶ್ರಯ ಕೊಟ್ಟವರು ಔಂಧ್ ಸಂಸ್ಥಾನದ ರಾಜರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ದೇಶಕ್ಕೆಲ್ಲ ಹಬ್ಬಿಸಿದವರೂ ಇದೇ ರಾಜರು. ಕಾರ್ಖಾನೆ, ಪಕ್ಕದಲ್ಲೇ ಕೆಲಸಗಾರರ ಮನೆ, ಶಾಲೆ, ಆಟದ ಬಯಲು ಎಂಬ ಆ ಮಾದರಿಯೇ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯೊಂದಿಗೆ ತುಂಗಭದ್ರೆಯ ದಡಕ್ಕೂ ಬಂತು. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕೊನೆಯ ವರ್ಷವೂ ಅದೇ. ಕಾರ್ಖಾನೆಗಳನ್ನೂ ಉದ್ಯಾನಗಳನ್ನೂ ಒಂದೇ ಉಸಿರಿನಲ್ಲಿ ಕನಸಿದ ಮನುಷ್ಯ ಅವರು. ಬೆಳಗಾಗೆದ್ದು ಕುದುರೆಯೇರಿ ಬೆಂಗಳೂರಿನ ಬೀದಿಗಳನ್ನು ನೋಡಿಬರುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು.

ಕಾಲೊನಿಗೆ ಯಂತ್ರಾಪುರ ಎಂದೇ ಹೆಸರಾಯಿತು. ಲೇಥ್ ಯಂತ್ರಗಳಿಗೆ ಹರಿಹರದ ಹೆಸರು ಅಂಟಿಕೊಂಡದ್ದು ಅಲ್ಲಿಂದ. ನನ್ನ ಮಾಮೂ ಅಲ್ಲಿ ಫಿಟ್ಟರ್. ನಾನು ಚಿಕ್ಕವನಿದ್ದಾಗ ಕಂಪನಿಯ ಸೈರನ್ ಆಗುತ್ತಿದ್ದಂತೆ ಸೈಕಲ್ಲುಗಳ ಹಿಂಡು ಗೇಟಿನಿಂದ ಹೊರಬರುವುದನ್ನು ನೋಡಲು ರಸ್ತೆಬದಿ ನಿಲ್ಲುತ್ತಿದ್ದೆ. ಹ್ಯಾಂಡಲ್ಲಿಗೆ ಟಿಫನ್ ಡಬ್ಬಿ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು. ಮಾಮೂ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಪೆಡಲ್ ತುಳಿದವರು. ವ್ಯಾಯಾಮ ಎಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಹೊಸ ಶತಮಾನದ ಆರಂಭದಲ್ಲಿ ಕಂಪನಿಯ ಬಾಗಿಲು ಮುಚ್ಚಿತು. ದಾವಣಗೆರೆಯ ಹತ್ತಿಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ತಣ್ಣಗಾಗಿದ್ದವು. ನಾವು ಲೆಕ್ಕ ಹಾಕಿದ್ದು ಹೋದ ಸಂಬಳವನ್ನು ಮಾತ್ರ. ಕಾಲಿಗಿದ್ದ ಕೆಲಸವೂ ಹೋಯಿತೆಂದು ಯಾರಿಗೂ ಹೊಳೆಯಲಿಲ್ಲ. ಮಾಮೂ ಮನೆಯ ಮುಂದೆ ಪಾನ್‌ಬೀಡಾ ಡಬ್ಬಾ ಇಟ್ಟುಕೊಂಡು ಕೂತರು. ಕೂತೇ ಇದ್ದರು.

ಕೂತಿರುವುದು ಎದೆಗೆ ಕೇಡು ಎಂದು ಮೊದಲು ಲೆಕ್ಕದಲ್ಲಿ ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನ ಪ್ರಸಿದ್ಧ. ಒಂದೇ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್. ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ಐದಾರು ನೂರು ಮೆಟ್ಟಿಲು ಹತ್ತಿಳಿಯುತ್ತಾನೆ. ಹೃದಯಾಘಾತ ಕಂಡಕ್ಟರುಗಳಲ್ಲಿ ಕಡಿಮೆಯಿತ್ತು. 2016ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಹತ್ತು ದೇಶಗಳ ಹದಿನಾಲ್ಕು ನಗರಗಳಲ್ಲಿ ಸುಮಾರು 6,800 ಜನರ ಸೊಂಟಕ್ಕೆ ಚಲನೆ ಅಳೆಯುವ ಉಪಕರಣ ಕಟ್ಟಿ ನೋಡಿದರು. ಭಾರತದ ನಗರ ಒಂದೂ ಅದರಲ್ಲಿಲ್ಲ. ಮನೆಗಳು ಒತ್ತಾಗಿರುವ, ಅಡ್ಡರಸ್ತೆಗಳು ಹೆಚ್ಚಿರುವ, ಬಸ್ಸು ನಿಲ್ದಾಣ ಮತ್ತು ಪಾರ್ಕು ಹತ್ತಿರವಿರುವ ಕೇರಿಗಳ ಜನ, ಇವಾವುವೂ ಇಲ್ಲದ ಕೇರಿಗಳ ಜನರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಚಟುವಟಿಕೆಯಿಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷವಾದರೂ ಬೇಕೆನ್ನುತ್ತದೆ. ಅದರ ಅರ್ಧದಷ್ಟನ್ನು, ಯಾರ ಉಪದೇಶವೂ ಇಲ್ಲದೆ, ಬೀದಿಯೇ ಮಾಡಿಸುತ್ತದೆಂದಾಯಿತು. ಪ್ಲೇಗಿನ ಕಾಲದಲ್ಲಿ ನಾವು ಹೆದರಿ ಓಡಿಬಂದ ಒತ್ತೊತ್ತಾದ ಓಣಿ ಇಲ್ಲಿ ಔಷಧದ ಸಾಲಿನಲ್ಲಿ ನಿಂತಿದೆ! ಚರಂಡಿಯನ್ನು ಸರಿಪಡಿಸಿ ಓಣಿಯನ್ನು ಉಳಿಸಿಕೊಳ್ಳಬಹುದಿತ್ತು. ಗೆಡ್ಡಿಸ್ ಹೇಳಿದ್ದೂ ಅದನ್ನೇ ಅಲ್ಲವೇ?

ಖಾಲಾ ಈಗಿರುವುದು ಊರಾಚೆಯ ಹೊಸ ಬಡಾವಣೆಯಲ್ಲಿ. ಹಳೆಯ ಮನೆ ಅಣ್ಣತಮ್ಮಂದಿರ ಪಾಲಾದಾಗ ಮಗ ಮೂವತ್ತು-ನಲವತ್ತರ ಸೈಟು ಕೊಂಡು ಕಟ್ಟಿಸಿದ ಮನೆ. ಗಾಳಿ ಬೆಳಕಿಗೆ ಕೊರತೆಯಿಲ್ಲ, ನಲ್ಲಿ ಅಡುಗೆಮನೆಯಲ್ಲೇ ಇದೆ. ಆದರೆ ಒಂದು ಕಟ್ಟು ಕೊತ್ತಂಬರಿಗೂ ಮಗ ಬೈಕು ತೆಗೆಯಬೇಕು. ಊರಿಗೂ ಬಡಾವಣೆಗೂ ನಡುವೆ ಲಾರಿಗಳು ಬಿಡುವಿಲ್ಲದೆ ಓಡುವ ರಸ್ತೆ, ದಾಟಲು ಎದೆ ಬೇಕು. ಫುಟ್‌ಪಾತ್ ಇರಬೇಕಾದಲ್ಲಿ ಜಲ್ಲಿಯ ಗುಡ್ಡೆ. ನಕಾಶೆಯಲ್ಲಿ ಪಾರ್ಕೆಂದು ಹಸಿರು ಬಳಿದ ಜಾಗದಲ್ಲಿ ಜಾಲಿಗಿಡ, ಸಂಜೆಯಾದರೆ ಇಸ್ಪೀಟು. 1961ರ ನಗರ ಯೋಜನಾ ಕಾಯಿದೆ ಇದೆ, 1985ರ ಉದ್ಯಾನ ಮತ್ತು ಬಯಲುಗಳ ಸಂರಕ್ಷಣೆಯ ಕಾಯಿದೆ ಇದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯೂ ಇದೆ. ಕಾಗದಕ್ಕೆ ಬಡತನವಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ ಇಪ್ಪತ್ತರಲ್ಲೇ ಹೆಸರು ಪಡೆದ ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಸಾಲುಗಟ್ಟಿ ನಡೆಯುವವರನ್ನು ಕಂಡು ಸಂತೋಷಪಟ್ಟಿದ್ದೇನೆ. ಅಲ್ಲಿಗೆ ಬರುವವರಲ್ಲಿ ಅನೇಕರು ಕಾರಿನಲ್ಲಿ ಬರುತ್ತಾರೆ. ಹಳೇ ದಾವಣಗೆರೆಯ ಬೀಡಿ ಕಟ್ಟುವ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸಿಗೆ ಆ ಕೆರೆ ಬಹಳ ದೂರ.

ಹೆಂಗಸರ ಮಾತು ಬಂದದ್ದರಿಂದ ಒಂದು ಅಂಕಿಯನ್ನು ಹೇಳಬೇಕು. 2024ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ, ಬೇಕಾದಷ್ಟು ಚಟುವಟಿಕೆಯಿಲ್ಲದ ವಯಸ್ಕರು ಭಾರತದ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ನಮ್ಮ ಗಂಡಸರಿಗೆ ಮಸೀದಿಯಿದೆ. ದಿನಕ್ಕೆ ಐದು ಸಲ ಹೋಗಿಬರುವವನಿಗೆ ಗೊತ್ತಿಲ್ಲದೆಯೇ ಒಂದೆರಡು ಮೈಲಿಯಾಗುತ್ತದೆ. ಹೆಂಗಸಿಗೆ ಹೊರಗೆ ಕಾಲಿಡಲು ಒಂದು ನೆಪ ಬೇಕು. ಹಳೆಯ ಗಲ್ಲಿ ಅಂಥ ಹತ್ತು ನೆಪಗಳನ್ನು ಕೊಡುತ್ತಿತ್ತು. 'ವಾಕಿಂಗ್' ಎಂಬ ನೆಪ ಮಾತ್ರ ಖಾಲಾರಿಗೆ ಈಗಲೂ ನಾಚಿಕೆಯದು. ಕೆಲಸವಿಲ್ಲದೆ ಬೀದಿಯಲ್ಲಿ ಓಡಾಡುವ ಹೆಂಗಸು ಎನಿಸಿಕೊಳ್ಳಬೇಕೇ ಎನ್ನುತ್ತಾರೆ. ಇದಕ್ಕೆ ಬಡಾವಣೆಯ ನಕಾಶೆಯನ್ನಷ್ಟೇ ದೂರಲಾರೆ, ನಮ್ಮ ಮನೆಗಳದ್ದೂ ಪಾಲಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ನಮ್ಮ ಗಲ್ಲಿಯ ಹೆಣ್ಣುಮಕ್ಕಳೂ ದುಪಟ್ಟಾ ಕಟ್ಟಿಕೊಂಡು ತುಳಿದರು. ಅಂಥ ಸೈಕಲ್ಲನ್ನು ಶಾಲೆ ಮುಗಿದ ಮರುದಿನವೇ ತಮ್ಮನಿಗೆ ಕೊಟ್ಟ ಮನೆಗಳನ್ನು ನಾನು ಬಲ್ಲೆ. ಕೊರೊನಾ ಬಂದ ಮೇಲೆ ಆ ಯೋಜನೆಯೂ ನಿಂತಿತು.

ಖಾಲಾ ಮೊದಲು ತಾರಸಿಯ ಮೇಲೆ ನಡೆಯಲು ನೋಡಿದರು. ತಸ್ಬೀಹ್ ಹಿಡಿದು ಮಣಿಗೊಂದು ಸುತ್ತು ಹಾಕಿದರಂತೆ. ಮೂರು ದಿನಕ್ಕೆ ತಲೆ ತಿರುಗಿ ಬಿಟ್ಟುಬಿಟ್ಟರು. ಈಗ ವಾರಕ್ಕೆ ಮೂರು ದಿನ ಅಸರ್ ನಮಾಜಿನ ನಂತರ ಆಟೋ ಹಿಡಿದು ಹಳೆಯ ಮೊಹಲ್ಲಾಕ್ಕೆ ಹೋಗುತ್ತಾರೆ. ಗಲ್ಲಿಯ ಬಾಯಲ್ಲಿ ಇಳಿದು, ಒಂದು ಮನೆಯಲ್ಲಿ ಕುಶಲ ಕೇಳಿ, ಇನ್ನೊಂದು ಮನೆಯಲ್ಲಿ ಚಹಾ ಬೇಡವೆಂದು ಹೇಳಿ, ಹೊಳೆಯ ದಂಡೆಯ ತನಕ ಹೋಗಿ ಬರುತ್ತಾರೆ. ಹೋಗಿ ಬರಲು ಆಟೋಗೆ ನೂರಿಪ್ಪತ್ತು ರೂಪಾಯಿ. ಸೊಸೆ ಅದನ್ನು ಔಷಧದ ಲೆಕ್ಕದಲ್ಲೇ ಬರೆದಿಡುತ್ತಾಳೆ.