ಡೆಬಿಯನ್: ಖಜಾನೆ ಒಂದೆಡೆ, ಅಧಿಕಾರ ಇನ್ನೊಂದೆಡೆ

ಡೆಬಿಯನ್ ಯೋಜನೆಗೆ ಸ್ವಂತ ಬ್ಯಾಂಕ್ ಖಾತೆಯಿಲ್ಲ. ಜಗತ್ತಿನ ಅಸಂಖ್ಯ ಸರ್ವರ್‌ಗಳು ಅದರ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತವೆ, ಉಬುಂಟು ಹುಟ್ಟಿದ್ದೂ ಅದರಿಂದಲೇ. ಆದರೂ ಅದರ ಹೆಸರಿಗೆ ಬಂದ ದೇಣಿಗೆಯನ್ನು ಬೇರೆ ಸಂಸ್ಥೆಗಳು ಕಾಯುತ್ತವೆ. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರ ಆಗಸ್ಟ್‌ನಲ್ಲಿ ಯೋಜನೆಯನ್ನು ಘೋಷಿಸಿದಾಗ ದುಡ್ಡಿನ ಮಾತೇ ಇರಲಿಲ್ಲ. 1994ರ ನವೆಂಬರ್‌ನಿಂದ ಒಂದು ವರ್ಷ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ನೆರವು ಕೊಟ್ಟಿತು. ಅದು ನಿಂತ ಮೇಲೆ ದೇಣಿಗೆ ಸ್ವೀಕರಿಸಲು, ಆಸ್ತಿ ಇಟ್ಟುಕೊಳ್ಳಲು ಕಾನೂನು ಒಪ್ಪುವ ಒಂದು ನೆಲೆ ಬೇಕಾಯಿತು. 1997ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ‘ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್’ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾದದ್ದು ಈ ಕಾರಣಕ್ಕೆ. ಮರುವರ್ಷದ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಡೆಬಿಯನ್ ಸಂವಿಧಾನ ಒಂದು ಗೆರೆ ಎಳೆಯಿತು: ಹಣ ಕಾಯುವವರಿಗೆ ಯೋಜನೆಯ ತೀರ್ಮಾನಗಳಲ್ಲಿ ಅಧಿಕಾರವಿಲ್ಲ. ಡೆಬಿಯನ್ ಮೂರು ದಶಕ ಬಾಳಿದ್ದಕ್ಕೆ ಅದರ ಆದರ್ಶಗಳನ್ನು ಕಾರಣವಾಗಿ ಹೇಳುವುದು ವಾಡಿಕೆ. ಈ ಗೆರೆಗೂ ಅಷ್ಟೇ ಪಾಲು ಸಲ್ಲಬೇಕೆಂದು ನನ್ನ ವಾದ.

ಆ ಸಂವಿಧಾನವನ್ನು ಹತ್ತಿರದಿಂದ ನೋಡಿದರೆ ಅದು ಯಾರನ್ನೂ ಪೂರ್ತಿ ನಂಬದೆ ಬರೆದ ದಾಖಲೆಯೆಂದು ತಿಳಿಯುತ್ತದೆ, ಅದೇ ಅದರ ಹೆಚ್ಚುಗಾರಿಕೆ. ನಾಯಕನ ಆಯ್ಕೆ ವರ್ಷಕ್ಕೊಮ್ಮೆ. ಮತಪತ್ರದಲ್ಲಿ ಅಭ್ಯರ್ಥಿಗಳ ಜೊತೆಗೆ ‘ಇವರಲ್ಲಿ ಯಾರೂ ಬೇಡ’ ಎಂಬ ಆಯ್ಕೆಯೂ ಇರುತ್ತದೆ, ಮತದಾರರು ಎಲ್ಲವನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ. ಕೋರಂ ಲೆಕ್ಕ ಸದಸ್ಯರ ಸಂಖ್ಯೆಯ ವರ್ಗಮೂಲದ ಮೇಲೆ ನಿಂತಿದೆ: ಸಾವಿರ ಸದಸ್ಯರಿದ್ದರೆ ಸುಮಾರು 48 ಮತ ಸಾಕು. ಬಿಡುವಿನಲ್ಲಿ ದುಡಿಯುವವರು ಎಲ್ಲ ಮತದಾನಕ್ಕೂ ಬರಲಾರರು ಎಂಬ ವಾಸ್ತವವನ್ನು ಒಪ್ಪಿಕೊಂಡು ಹಾಕಿದ ಲೆಕ್ಕವಿದು. ದೇಣಿಗೆಯ ಹಣ ಯಾವುದಕ್ಕೆ ಹೋಗಬೇಕೆಂದು ನಾಯಕ ಒಪ್ಪಿಗೆ ಕೊಡಬಹುದು, ಆದರೆ ಯಾರಿಗೂ ಕೆಲಸ ಹೇರುವಂತಿಲ್ಲ. ಹಣ ಕಾಯುವ ಸಂಸ್ಥೆಯಾದರೋ ಬಂದ ದೇಣಿಗೆಯಲ್ಲಿ ಶೇ. 5ರಷ್ಟನ್ನು ನಿರ್ವಹಣೆಗೆ ಹಿಡಿದುಕೊಂಡು, ಒಪ್ಪಿಗೆಯಾದ ಖರ್ಚಿನ ರಸೀದಿ ನೋಡಿ ಪಾವತಿಸುತ್ತದೆ.

ಈ ಗೆರೆಗೆ ಪರೀಕ್ಷೆ ಬಂದದ್ದು 2006ರಲ್ಲಿ. ‘ಎಚ್’ ಎಂಬ ಆವೃತ್ತಿಯನ್ನು ಡಿಸೆಂಬರ್ ಹೊತ್ತಿಗೆ ಹೊರತರಲೇಬೇಕೆಂದು, ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ಒಂದೊಂದು ತಿಂಗಳು ಹಣ ಕೊಟ್ಟು ಪೂರ್ಣಾವಧಿ ದುಡಿಸುವ ‘ಡಂಕ್-ಟ್ಯಾಂಕ್’ ಯೋಜನೆ ಹುಟ್ಟಿತು. ಡೆಬಿಯನ್ನಿನ ಹೊರಗಿನ ಪ್ರಯೋಗ ಎಂದು ಅದನ್ನು ಕರೆದರೂ ಅಂದಿನ ನಾಯಕ ಆಂಟನಿ ಟೌನ್ಸ್ ಅದರಲ್ಲಿದ್ದರು. ಹಲವರು ಕೆರಳಿದ್ದು ಹೊಟ್ಟೆಕಿಚ್ಚಿನಿಂದ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಸಮಾನರಾಗಿ ಬಿಟ್ಟಿ ದುಡಿಯುವ ನೂರಾರು ಜನರ ನಡುವೆ ಇಬ್ಬರಿಗೆ ಸಂಬಳ ಬಂದಾಗ, ಉಳಿದವರ ಕೆಲಸಕ್ಕೆ ಬೆಲೆಯೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನಾಯಕನನ್ನು ಕೆಳಗಿಳಿಸುವ ಗೊತ್ತುವಳಿ ಸೋತಿತು. ಆದರೆ ‘ಎಚ್’ ಹೊರಬಂದದ್ದು 2007ರ ಏಪ್ರಿಲ್ 8ರಂದು. ವಿಳಂಬಕ್ಕೆಲ್ಲ ಈ ಜಗಳವೇ ಕಾರಣ ಎನ್ನಲಾಗದು, ಹಣ ಕೊಟ್ಟರೂ ಗಡುವು ಉಳಿಯಲಿಲ್ಲ ಎಂಬುದಂತೂ ದಿಟ.

ಹಾಗಾದರೆ ಬಿಟ್ಟಿ ದುಡಿಮೆಯನ್ನು ನೆಚ್ಚಿ ಕೂರುವುದೇ ಸರಿಯೇ ಎಂಬ ಆಕ್ಷೇಪಕ್ಕೆ ತೂಕವಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಜಾಲದ ಬಹುಪಾಲು ಗುಟ್ಟುಗಳನ್ನು ಕಾಯುವ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂದು ಲೋಕಕ್ಕೆ ತಿಳಿಯಿತು. ಹಣದ ಬರ ನಿಜಕ್ಕೂ ಅಪಾಯ. ಆದರೆ ಡೆಬಿಯನ್ ಹಣವನ್ನು ಹೊರಗಟ್ಟಲಿಲ್ಲ, ಅದಕ್ಕೆ ಜಾಗ ಗೊತ್ತುಮಾಡಿತು. ಹಳೆಯ ಆವೃತ್ತಿಗಳಿಗೆ ಭದ್ರತಾ ಪರಿಹಾರ ಕೊಡುತ್ತಲೇ ಇರುವುದು ಬೇಸರದ ಕೆಲಸ, ಬಿಡುವಿನ ಹುರುಪಿನಿಂದ ಸಾಗುವಂಥದ್ದಲ್ಲ. 2014ರಲ್ಲಿ ಆರಂಭವಾದ ದೀರ್ಘಾವಧಿ ಬೆಂಬಲಕ್ಕೆ ಬಳಕೆದಾರ ಸಂಸ್ಥೆಗಳು ಹಣ ಹಾಕುತ್ತವೆ, ಫ್ರೀಕ್ಸಿಯನ್ ಎಂಬ ಕಂಪನಿ ಅದನ್ನು ದುಡಿದವರಿಗೆ ಹಂಚುತ್ತದೆ. ಹಣ ಕೊಟ್ಟದ್ದಕ್ಕಾಗಿ ಯಾರಿಗೂ ಯೋಜನೆಯಲ್ಲಿ ಒಂದು ಹೆಚ್ಚಿನ ಮತವೂ ಸಿಗುವುದಿಲ್ಲ. 2006ರ ಪ್ರಯೋಗಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲಿದೆ: ಅಂದು ಹಣ ನಾಯಕನ ಪಕ್ಕದಲ್ಲೇ ಕುಳಿತಿತ್ತು.

ಹಣವೇ ದಾರಿ ತೋರಿದರೆ ಏನೇನು ಕೈಬಿಟ್ಟುಹೋಗುತ್ತದೆ ಎಂಬುದನ್ನೂ ನೆನೆಯಬೇಕು. 2011ರ ಫೆಬ್ರುವರಿಯಲ್ಲಿ ಬಂದ ‘ಸ್ಕ್ವೀಜ್’ ಆವೃತ್ತಿಯ ಚಿತ್ರಾತ್ಮಕ ಇನ್‌ಸ್ಟಾಲರ್‌ಗೆ ಲಾವೋ, ಸಿಂಹಳ, ತೆಲುಗುಗಳ ಜೊತೆ ಕನ್ನಡವೂ ಸೇರಿತು. ಇಂಥ ಕೆಲಸವನ್ನು ಮಾರುಕಟ್ಟೆಯ ಲೆಕ್ಕ ಮೊದಲ ಸಾಲಿನಲ್ಲಿ ಇಡುವುದು ಅಪರೂಪ. ಮಾಡಲು ಮನಸ್ಸಿದ್ದವರಿಗೆ ಅಲ್ಲಿ ಅಡ್ಡಿಯಿರಲಿಲ್ಲ.

ಈ ಏರ್ಪಾಡಿನಲ್ಲಿ ಬಗೆಹರಿಯದೆ ಉಳಿದದ್ದು ನಾಯಕನ ಕುರ್ಚಿಯ ಸಮಸ್ಯೆ. 2019ರಲ್ಲಿ ನಾಮಪತ್ರದ ಗಡುವು ಮುಗಿದರೂ ಒಬ್ಬ ಅಭ್ಯರ್ಥಿಯೂ ಮುಂದೆ ಬರಲಿಲ್ಲ, ಅವಧಿಯನ್ನು ಒಂದು ವಾರ ವಿಸ್ತರಿಸಬೇಕಾಯಿತು. ಆ ಹುದ್ದೆಗೆ ಸಂಬಳ ಕೊಟ್ಟರೆ 1998ರ ಗೆರೆ ಅಳಿಸಿಹೋಗುತ್ತದೆ, ಅದು ಬೇಡ. ನಾಯಕ ತನ್ನ ಅಧಿಕಾರವನ್ನು ಪ್ರತಿನಿಧಿಗಳಿಗೆ ವಹಿಸಿಕೊಡಲು ಅದೇ ಸಂವಿಧಾನ ಅವಕಾಶ ಕೊಟ್ಟಿದೆ. ಖರ್ಚಿನ ಒಪ್ಪಿಗೆಯಂಥ ದಿನನಿತ್ಯದ ಹೊರೆಯನ್ನು ಆ ದಾರಿಯಲ್ಲಿ ನಾಲ್ಕು ಹೆಗಲುಗಳಿಗೆ ಹಂಚಿದರೆ, ಸಂಜೆಯ ಬಿಡುವಷ್ಟೇ ಇರುವ ಒಬ್ಬರು ಕೂಡ ಆ ಚುನಾವಣೆಗೆ ನಿಲ್ಲಬಲ್ಲರು.