ಗೋಡೆಯ ಬಳಿ ಹುಟ್ಟಿದ ಆಟ

ಟೆನಿಸ್ ಎಂದೊಡನೆ ಜಿಲ್ಲಾ ಕೇಂದ್ರಗಳಲ್ಲಿ ಬೆಳೆದ ನಮ್ಮಂಥವರಿಗೆ ನೆನಪಾಗುವುದು ಆಫೀಸರ್ಸ್ ಕ್ಲಬ್ಬು. ಬಿಳಿ ಷರಾಯಿ, ಬಿಳಿ ಬೂಟು, ಚೆಂಡು ಹೆಕ್ಕಿಕೊಡಲು ಒಬ್ಬ ಹುಡುಗ. ಬೇಲಿಯಾಚೆ ನಿಂತು ನೋಡಿದವರು ಇದನ್ನು ಸಾಹೇಬರ ಆಟವೆಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಆಟದ ಬೇರು ಇರುವುದು ಮಧ್ಯಯುಗದ ಫ್ರಾನ್ಸಿನಲ್ಲಿ. ಮೊದಲಿಗೆ ರಾಕೆಟ್ಟೇ ಇರಲಿಲ್ಲ. ಅಂಗೈಯಿಂದ ಚೆಂಡು ಬಡಿಯುತ್ತಿದ್ದರು. ಅದಕ್ಕಿದ್ದ ಹೆಸರೂ ‘ಅಂಗೈ ಆಟ’ ಎಂದೇ. ಸುತ್ತಲೂ ಗೋಡೆ, ಗೋಡೆಗೆ ಬಡಿದು ಬಂದ ಚೆಂಡನ್ನೂ ಆಡಬಹುದಿತ್ತು. ಕ್ರಮೇಣ ಅರಸರು ಇದನ್ನು ತಮ್ಮದಾಗಿಸಿಕೊಂಡರು. ಆದರೆ 1789ರ ಜೂನ್ 20ರಂದು ವರ್ಸೇಲ್ಸ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಸಭಾಂಗಣದ ಬಾಗಿಲಿಗೆ ಬೀಗ ಬಿದ್ದದ್ದನ್ನು ಕಂಡ ಜನಪ್ರತಿನಿಧಿಗಳು ಹತ್ತಿರದ ಟೆನಿಸ್ ಕೋರ್ಟಿನಲ್ಲಿ ಸೇರಿ, ಸಂವಿಧಾನ ಸಿದ್ಧವಾಗುವ ತನಕ ಚದುರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಫ್ರಾನ್ಸಿನ ಮಹಾಕ್ರಾಂತಿಗೆ ಅರಸರ ಆಟದ ಅಂಗಳವೇ ಜಾಗ ಕೊಟ್ಟಿತು!

ಈಗ ನಾವು ಕಾಣುವ ಟೆನಿಸ್ ಇಂಗ್ಲೆಂಡಿನ ಕೂಸು. ಹುಲ್ಲು ಕತ್ತರಿಸುವ ಯಂತ್ರವೂ ಹುಲ್ಲಿನ ಮೇಲೆ ಪುಟಿಯಬಲ್ಲ ರಬ್ಬರ್ ಚೆಂಡೂ ಬಂದ ಮೇಲೆ ಆಟ ಗೋಡೆ ಬಿಟ್ಟು ಬಯಲಿಗೆ ಬಂತು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದು, ನೆಟ್ಟು, ರಾಕೆಟ್ಟು, ಚೆಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದ. 1877ರ ಮೊದಲ ವಿಂಬಲ್ಡನ್ನಿಗೆ ಹೆಸರು ಕೊಟ್ಟವರು 22 ಮಂದಿ ಮಾತ್ರ. ಬ್ರಿಟಿಷರೊಡನೆ ಆಟ ನಮ್ಮ ದಂಡು ಪ್ರದೇಶಗಳಿಗೂ ಕ್ಲಬ್ಬುಗಳಿಗೂ ಬಂತು. ಹುಲ್ಲು ನಿಲ್ಲದ ಕಡೆ ಮಣ್ಣು ಗಟ್ಟಿಸಿ, ಸುಣ್ಣದ ಗೆರೆ ಎಳೆದು ಆಡಿದರು. 1960 ಮತ್ತು 1961ರಲ್ಲಿ ರಾಮನಾಥನ್ ಕೃಷ್ಣನ್ ವಿಂಬಲ್ಡನ್ ಸೆಮಿಫೈನಲ್ ತಲುಪಿದರು. 2024ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು.

ಕ್ಲಬ್ಬಿನ ಸದಸ್ಯತ್ವವಿಲ್ಲದವರು ಶುರು ಮಾಡುವುದು ಹೇಗೆ? ಆಟ ಶುರುವಾದ ಕಡೆಯಿಂದಲೇ. ನೆಟ್ಟಿನ ಎತ್ತರ ನಟ್ಟನಡುವೆ 3 ಅಡಿ. ಶಾಲೆಯದೋ ಗೋದಾಮಿನದೋ ಗಟ್ಟಿ ಗೋಡೆಯೊಂದನ್ನು ಯಜಮಾನರನ್ನು ಕೇಳಿಕೊಂಡು, ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೊದಲೆರಡು ದಿನ ಅಂಗೈಯಿಂದಲೇ ಬಡಿಯಿರಿ. ಚೆಂಡು ಎಲ್ಲಿ ಪುಟಿದು ಎಲ್ಲಿಗೆ ಬರುತ್ತದೆಂದು ಕಾಲಿಗೆ ತಿಳಿಯಬೇಕು. ಆಮೇಲೆ ಯಾರೋ ಆಡಿ ಬಿಟ್ಟ ಹಗುರ ರಾಕೆಟ್ಟು ಸಾಕು. ಗೆರೆಯ ಮೇಲಕ್ಕೆ ಹೊಡೆದು, ಚೆಂಡು ಎರಡನೆಯ ಸಲ ಪುಟಿಯುವ ಮೊದಲೇ ಮತ್ತೆ ಹೊಡೆಯಬೇಕು. ಬಿಡದೆ ಇಪ್ಪತ್ತು ಹೊಡೆತ ಬಂದ ದಿನ ಜೊತೆಗಾರನೊಬ್ಬನನ್ನು ಕರೆದುಕೊಂಡು ಊರ ಕ್ರೀಡಾಂಗಣಕ್ಕೆ ಹೋಗಿ, ಗಂಟೆಯ ಬಾಡಿಗೆಗೆ ಕೋರ್ಟು ಸಿಗುತ್ತದೆಯೇ ಎಂದು ವಿಚಾರಿಸಿ. ಸೊನ್ನೆಗೆ ‘ಲವ್’ ಎನ್ನುವುದು, 15, 30, 40 ಎಂಬ ವಿಚಿತ್ರ ಎಣಿಕೆ, ಇವೆಲ್ಲ ಒಂದೇ ಸಂಜೆಯಲ್ಲಿ ಅಭ್ಯಾಸವಾಗುತ್ತವೆ.

ಬೇಲಿಯಾಚೆ ನಿಂತು ನೋಡಿದ್ದು ಸಾಕು ಎಂದು ನನಗನ್ನಿಸುತ್ತದೆ.