ಸುಣ್ಣದಿಂದ ಬಣ್ಣಕ್ಕೆ: ಅಡುಗೆಮನೆಯ ಗೋಡೆಯ ಕಥೆ

ಹಬ್ಬಗಳು ಹತ್ತಿರವಾದಂತೆ ಅಡುಗೆಮನೆಗೆ ಹೊಸ ಬಣ್ಣ ಹಚ್ಚಿಸುವ ಮಾತು ನಮ್ಮ ಮನೆಗಳಲ್ಲಿ ಏಳುತ್ತದೆ. ಮುಂಬಯಿ, ಪುಣೆಗಳ ಹಳೆಯ ಚಾಳುಗಳಲ್ಲಿ ಬಾಳುವ ನಾವು, ಪೇಂಟರನು ಗೋಡೆ ಕೆರೆಯುವಾಗ ಒಂದು ಗಳಿಗೆ ನಿಂತು ನೋಡಬೇಕು. ಮೇಲೆ ಹಸಿರು ಎಣ್ಣೆಬಣ್ಣ, ಅದರಡಿ ಡಿಸ್ಟೆಂಪರು, ಎಲ್ಲಕ್ಕೂ ತಳದಲ್ಲಿ ಸುಣ್ಣ.

ಊರ ಮನೆಗಳಲ್ಲಿ ಸೌದೆಯ ಹೊಗೆಗೆ ಗೋಡೆ, ಜಂತೆಗಳೆಲ್ಲ ಮಸಿ ಹಿಡಿಯುತ್ತಿದ್ದವು. ಆದ್ದರಿಂದ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಅಂದಕ್ಕಿಂತ ಹೆಚ್ಚಾಗಿ ಶುಚಿಗಾಗಿ. ಒಳನಾಡಿನಲ್ಲಿ ಸುಣ್ಣದ ಕಲ್ಲನ್ನು, ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಬಿಳುಪು ಹೆಚ್ಚಲೆಂದು ಚಿಟಿಕೆ ನೀಲಿ, ಅಂಟಿಗೆಂದು ಗೋಂದು ಬೆರೆಸುತ್ತಿದ್ದರು. ಬುಡಕ್ಕೆ ಕೆಮ್ಮಣ್ಣಿನ ಕಾರಣೆ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಿನಂತಾಗುತ್ತದೆ. ಹಸಿ ಸುಣ್ಣದ ಕ್ಷಾರಗುಣಕ್ಕೆ ಬೂಷ್ಟು, ರೋಗಾಣುಗಳು ತಾಳಲಾರವು.

ಮನೆಯವರ ಕೈಯ ಈ ಕೆಲಸ ಒಮ್ಮೆ ಸರ್ಕಾರದ ಕೈಗೆ ಹೋಯಿತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಶಿಯೊ ವಿಯೇಗಾಸ್ ಪ್ಲೇಗನ್ನು ಗುರುತಿಸಿದರು. ರೋಗವು ಕೊಳಕಿನಲ್ಲಿ, ಗೋಡೆ ನೆಲಗಳಲ್ಲಿ ಅಡಗಿದೆ ಎಂಬ ನಂಬಿಕೆಯಿಂದ ಮನೆಮನೆಗೂ ಔಷಧಿ ನೀರು, ಸುಣ್ಣ ಹೊಡೆಸಲಾಯಿತು. ಪುಣೆಯಲ್ಲಿ 1897ರಲ್ಲಿ ರ‍್ಯಾಂಡ್ ಸಾಹೇಬರ ಪ್ಲೇಗ್ ಸಮಿತಿ ಈ ಕೆಲಸಕ್ಕೆ ಸೋಲ್ಜರರನ್ನೇ ಇಳಿಸಿತು. ಮನೆಯವರೇ ಚಪ್ಪಲಿ ಮೆಟ್ಟಿ ಹೋಗದ ಅಡುಗೆಮನೆ, ದೇವರ ಕೋಣೆಗಳಿಗೆ ಬೂಟುಗಾಲುಗಳು ನುಗ್ಗಿದವು. ಜನರ ಕೋಪ ಕುದಿಯಿತು. ಆ ವರ್ಷ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡರಿಗೆ ಗುಂಡಿಕ್ಕಿದರು. ವಿಪರ್ಯಾಸವೆಂದರೆ, ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಮರುವರ್ಷವೇ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಪಾಪ, ಗೋಡೆಯದೇನೂ ತಪ್ಪಿರಲಿಲ್ಲ!

ಸುಣ್ಣವನ್ನು ಅಡುಗೆಮನೆಯಿಂದ ನಿಜವಾಗಿ ಹೊರಡಿಸಿದ್ದು ಹೊಸ ಒಲೆ. 1955ರಲ್ಲಿ ಮುಂಬಯಿಗೆ ಅಡುಗೆ ಅನಿಲ ಬಂತು. ಮನೆಯಿಂದ ಮನೆಗೆ ಅದು ಹರಡಿದಂತೆ ಮಸಿ ಹೋಯಿತು, ಹೆಂಗಸರ ಕಣ್ಣುರಿ ತಗ್ಗಿತು. ಒಗ್ಗರಣೆಯ ಜಿಡ್ಡು ಮಾತ್ರ ಉಳಿಯಿತು. ಸುಣ್ಣದ ಗೋಡೆಯನ್ನು ಉಜ್ಜಿ ತೊಳೆಯಲಾಗದು, ಎಣ್ಣೆಬಣ್ಣವನ್ನು ತೊಳೆಯಬಹುದು. ಮುಂಬಯಿಯಲ್ಲೇ 1942ರಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್‌ನ ತುಂಟ ಹುಡುಗ ಗಟ್ಟು ನೆನಪಿರಬೇಕಲ್ಲ? ಕುಂಚ ಹಿಡಿದ ಆ ಪೋರನನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನಲ್ಲೇ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್.

ಆದರೆ ಹಳೆಯ ಎಣ್ಣೆಬಣ್ಣಗಳ ಆ ಕಣ್ಸೆಳೆಯುವ ಹಳದಿ, ಹಸಿರುಗಳಿಗೆ ಅನೇಕ ವೇಳೆ ಸೀಸವೇ ಕಾರಣವಾಗಿತ್ತು. ಸೀಸ ಮಕ್ಕಳ ಮಿದುಳಿಗೆ ಕೇಡು. ಮನೆಬಣ್ಣದಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರ ನಮ್ಮ ಗೋಡೆಗಳಲ್ಲಿ ಇನ್ನೂ ಇರಬಹುದು. ಅದನ್ನು ಒಣಗಿದ್ದಂತೆಯೇ ಕಾಗದ ಹಾಕಿ ಉಜ್ಜಿಸಬಾರದು. ನೀರು ಚಿಮುಕಿಸಿ ಕೆರೆಸಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆಡೆಗೆ ಕಳುಹಿಸಿ, ಹಿಟ್ಟಿನ ಡಬ್ಬಿ, ಉಪ್ಪಿನಕಾಯಿ ಭರಣಿಗಳನ್ನು ಮೊದಲೇ ಹೊರಗೆ ಸಾಗಿಸಿ, ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಿ ತೆಗೆಯಬೇಕು.